25 ಮೀಟರ್ ದೂರದ ನಂಬರ್ ಪ್ಲೇಟು

ಅಪ್ಪನ ಡಿಎಲ್ ಬರೋ ಫೆಬ್ರವರಿಗೆ ಮುಗಿಯುತ್ತದೆ. ಅದೇ ತಿಂಗಳು ಅಪ್ಪನಿಗೆ 75 ತುಂಬುತ್ತದೆ. ಹೋದ ವಾರ ಮಂಡ್ಯದಿಂದ ಏಜೆಂಟ್ ಒಬ್ಬರು ನನಗೆ ಫೋನ್ ಮಾಡಿದ್ದರು. ಐದು ವರ್ಷದ ಹಿಂದೆಯೂ ಅವರೇ ಮಾಡಿಸಿಕೊಟ್ಟಿದ್ದು. "ಮೇಡಂ, ಮೇಷ್ಟ್ರು ಬರೋದೇ ಬೇಡ. ಆಧಾರ್ ನಂಬರು, ಓಟಿಪಿ ಕೊಟ್ರೆ ಸಾಕು. ಡಾಕ್ಟರ್ ಸರ್ಟಿಫಿಕೇಟೂ ನಾವೇ ನೋಡ್ಕೋತೀವಿ" ಅಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ. ವಯಸ್ಸಾದ ಮೇಷ್ಟ್ರಿಗೆ ಓಡಾಟ ತಪ್ಪಲಿ ಅನ್ನೋ ಕಾಳಜಿಯೇ ಇತ್ತು. ಆದರೆ ಫೋನ್ ಇಟ್ಟ ಮೇಲೆ ನನಗೆ ಕೈಕಾಲು ಆಡಲಿಲ್ಲ. ಅಪ್ಪ ಇನ್ನೂ ಐದು ವರ್ಷ ಕಾರು ಓಡಿಸಬಹುದು ಅಂತ ಬರೆದುಕೊಡೋಕೆ ಎಲ್ಲ ತಯಾರಾಗಿದೆ. ಬರೆದುಕೊಡೋ ಮುಂಚೆ ಅಪ್ಪನನ್ನು ಒಂದು ಸಲ ಯಾರೂ ಕಣ್ಣೆತ್ತಿ ನೋಡೋದಿಲ್ಲ.

ವಯಸ್ಸಾದವರಿಗೆ ಮತ್ತೆ ಪರೀಕ್ಷೆ ಮಾಡಿ ಡಿಎಲ್ ಕೊಡಬೇಕಾ ಅನ್ನೋ ಮಾತು ಬಂದಾಗಲೆಲ್ಲ ನಾನು ಹಿಂದೆ "ಪಾಪ, ಅವರನ್ನ್ಯಾಕೆ ಗೋಳು ಹುಯ್ಕೋಬೇಕು" ಅಂತಿದ್ದೆ. ಈಗ ಹಾಗೆ ಅನ್ನೋಕೆ ಆಗ್ತಿಲ್ಲ. ಅದಕ್ಕೆ ಕಾರಣ ಒಂದು ಸಂಜೆ.

ಗಣೇಶನ ಹಬ್ಬದ ಮಾರನೇ ದಿನ

ಹೋದ ವರ್ಷ ಗೌರಿ ಬಾಗಿನಕ್ಕೆ ಊರಿಗೆ ಹೋಗಿದ್ದೆ. ಗಣೇಶನ ಹಬ್ಬ ಮುಗಿದ ಮಾರನೇ ದಿನ ನಾಗಮಂಗಲ ರಸ್ತೆಯ ಒಂದು ಹಳ್ಳಿಯಲ್ಲಿರುವ ಅತ್ತೆ ಮನೆಗೆ ಊಟಕ್ಕೆ ಹೋದೆವು. ಅತ್ತೆ ಬೇಗ ಬಿಡೋರಲ್ಲ. ಊಟ ಆಯ್ತು, ಕಾಫಿ ಆಯ್ತು, ಕಾಯಿ ಸುಲಿಸಿ ಚೀಲಕ್ಕೆ ತುಂಬಿಸಿದ್ದಾಯ್ತು. ಹೊರಟಾಗ ಆರೂಕಾಲು. ಅಪ್ಪ ಓಡಿಸುತ್ತಿದ್ದರು. ಅಮ್ಮ ಪಕ್ಕದಲ್ಲಿ. ನಾನು ಹಿಂದೆ, ತೆಂಗಿನಕಾಯಿ ಚೀಲಕ್ಕೆ ಕಾಲು ಒತ್ತಿಕೊಂಡು ಕೂತಿದ್ದೆ.

ಪೂರ್ತಿ ಕತ್ತಲಾಗಿರಲಿಲ್ಲ. ಪೂರ್ತಿ ಬೆಳಕೂ ಇರಲಿಲ್ಲ. ಮುಸ್ಸಂಜೆಯ ಆ ಹೊತ್ತಲ್ಲಿ ರಸ್ತೆ, ಗದ್ದೆ, ಆಕಾಶ ಎಲ್ಲ ಒಂದೇ ಬೂದಿ ಬಣ್ಣಕ್ಕೆ ತಿರುಗಿರುತ್ತವಲ್ಲ, ಹಾಗಿತ್ತು. ಎದುರಿಗೆ ಒಂದು ಬಸ್ಸು ಹೈ ಬೀಮ್ ಹಾಕಿಕೊಂಡು ಬಂತು. ಆ ಬೆಳಕಿನ ಈಚೆ, ನಮ್ಮ ಕಡೆಯಲ್ಲೇ, ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಟ್ರೈಲರ್ ಹಿಂದೆ ಕೆಂಪು ಲೈಟಿಲ್ಲ. ಹೊಳೆಯೋ ಸ್ಟಿಕ್ಕರ್ ಕೂಡ ಇಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಹಿಂದಿನ ಸೀಟಿನಿಂದಲೇ ಅದು ಕಂಡಿತು. ಅಪ್ಪನಿಗೂ ಕಂಡಿರುತ್ತದೆ ಅಂದುಕೊಂಡೆ. ಕಾರಿನ ವೇಗ ಕಮ್ಮಿ ಆಗಲಿಲ್ಲ. ಅಮ್ಮ "ರೀ... ರೀ... ಟ್ರ್ಯಾಕ್ಟ್ರು!" ಅಂತ ಕಿರುಚಿದರು. ಅಪ್ಪ ಬ್ರೇಕ್ ಮೇಲೆ ನಿಂತೇ ಬಿಟ್ಟರು. ಚೀಲದ ಬಾಯಿ ಬಿಚ್ಚಿ ತೆಂಗಿನಕಾಯಿಗಳು ಸೀಟಿನ ಕೆಳಗೆಲ್ಲ ಉರುಳಿದವು.

ಕಾರು ನಿಂತಾಗ ಕಬ್ಬಿನ ಜಲ್ಲೆಗಳು ಬಾನೆಟ್ ಮೇಲೆ ಚಾಚಿಕೊಂಡಿದ್ದವು. ಅವುಗಳ ತುದಿಗೂ ಅಮ್ಮನ ಮುಂದಿನ ಗಾಜಿಗೂ ಒಂದು ಗೇಣು ಇದ್ದಿರಬೇಕು. ಟ್ರ್ಯಾಕ್ಟರ್‌ನವನಿಗೆ ಏನೂ ಗೊತ್ತಾಗಲಿಲ್ಲ. ಹಾಡು ಹಾಕಿಕೊಂಡಿದ್ದ, ಹಾಗೇ ಮುಂದೆ ಹೋದ. ಜಲ್ಲೆಗಳು ಬಾನೆಟ್ ಮೇಲೆ ನಿಧಾನಕ್ಕೆ ಕೆರೆದುಕೊಂಡು ಹೋದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ. ಅಪ್ಪ ಸ್ಟೇರಿಂಗ್ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅವನಿಗೆ ಲೈಟಿಲ್ಲ ಕಣವ್ವ" ಅಂದರು.

ಅಪ್ಪ ಹೇಳಿದ್ದು ನಿಜ. ಆ ಟ್ರೈಲರ್‌ಗೆ ಲೈಟಿರಲಿಲ್ಲ. ಆದರೆ ಅದು ನನಗೆ ಕಂಡಿತ್ತು, ಅಮ್ಮನಿಗೂ ಕಂಡಿತ್ತು. ಅವತ್ತಿಂದ ನನ್ನ ತಲೆಯಲ್ಲಿ ಕೊರೆಯುತ್ತಿರೋದು ಇದೇ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 17 ಮೀಟರ್. ಅರ್ಧ ಸೆಕೆಂಡ್ ತಡವಾಗಿ ಕಂಡರೆ ಎಂಟು ಮೀಟರ್ ಹೋಗಿಬಿಟ್ಟಿರುತ್ತದೆ. ನಮಗೂ ಕಬ್ಬಿಗೂ ಮಧ್ಯೆ ಎಂಟು ಮೀಟರ್ ಎಲ್ಲಿತ್ತು?

ಕೀ ಕೇಳೋದು ಯಾರು

ರಾತ್ರಿ ಊಟ ಆದ ಮೇಲೆ ಕೇಳಿಯೇಬಿಟ್ಟೆ. "ಅಪ್ಪ, ನಿಂಗೆ ಆ ಟ್ರ್ಯಾಕ್ಟರ್ ಕಾಣ್ಲಿಲ್ವಾ?" ಅಪ್ಪ ಉತ್ತರ ಕೊಡಲಿಲ್ಲ. "ಇನ್ಮೇಲೆ ಕಾರು ಓಡಿಸೋದು ಬೇಡ ಬಿಡು" ಅಂದೆ. ಹಾಗೆ ಹೇಳಬಾರದಿತ್ತು. ಹೇಳೋ ರೀತಿಯೂ ಅದಲ್ಲ. ಅಪ್ಪ ಎದ್ದು ಕೈ ತೊಳೆದುಕೊಂಡು ಬಂದು, "ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ಒಂದು ಕೋಳಿಗೂ ತಗುಲಿಸಿಲ್ಲ" ಅಂದು ಮಲಗೋಕೆ ಹೋದರು. ನಾನು ಬೆಂಗಳೂರಿಗೆ ಬಂದ ಮೇಲೆ ಹದಿನೈದು ದಿನ ಅಪ್ಪ ಫೋನಿಗೆ ಬರಲಿಲ್ಲ. ಅಮ್ಮನ ಕೈಗೆ ಕೊಟ್ಟುಬಿಡುತ್ತಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಮೊದಲು ಸೈಕಲ್ಲು, ಆಮೇಲೆ ಟಿವಿಎಸ್ 50. ನಮ್ಮ ಮೂರೂ ಜನರನ್ನು ಅದರ ಮೇಲೆ ಕೂರಿಸಿಕೊಂಡು ಜಾತ್ರೆಗೆ ಹೋದವರು. ಕಾರು ಕಲಿತದ್ದು 52ನೇ ವಯಸ್ಸಿನಲ್ಲಿ, ಒಂದು ಸೆಕೆಂಡ್ ಹ್ಯಾಂಡ್ ಮಾರುತಿ 800 ತಂದ ಮೇಲೆ. ಆ ವಯಸ್ಸಲ್ಲಿ ಕಲಿಯೋದು ಅಂದರೆ ಸುಮ್ನೆ ಅಲ್ಲ. ಬೆಳಗ್ಗೆ ಐದೂವರೆಗೆ ಸ್ಕೂಲ್ ಮೈದಾನಕ್ಕೆ ಹೋಗಿ ಇಟ್ಟಿಗೆ ಇಟ್ಟುಕೊಂಡು ರಿವರ್ಸ್ ಕಲಿತರು. ಅಮ್ಮನ ತವರಿಗೆ ಮೊದಲ ಸಲ ಕಾರಲ್ಲಿ ಹೋದಾಗ ತಾತ ಹೊರಗೆ ಬಂದು ಕಾರಿನ ಮುಂದೆ ಕಾಯಿ ಒಡೆದಿದ್ದರು. ಅಕ್ಕಪಕ್ಕದ ಮನೆಯ ಯಾರಿಗೆ ರಾತ್ರಿ ಹೊಟ್ಟೆನೋವು ಬಂದರೂ, ಯಾರ ಮಗಳಿಗೆ ಹೆರಿಗೆ ನೋವು ಬಂದರೂ ನಮ್ಮ ಮನೆ ಬಾಗಿಲು ಬಡಿಯುತ್ತಿದ್ದರು. ಅಂಥವರ ಕೈಯಿಂದ ಕೀ ಕೇಳಿದೆ ನಾನು, ಊಟದ ತಟ್ಟೆ ತೆಗೆಯೋ ಹೊತ್ತಲ್ಲಿ.

ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಕೇಳದೆ ಇದ್ದಿದ್ದರೆ? ನನಗೆ ಗೊತ್ತಿರೋ ಎಷ್ಟೋ ಮನೆಗಳಲ್ಲಿ ಈ ಮಾತು ಹೀಗೇ ನಿಂತಿದೆ. ಮಕ್ಕಳು ಕೇಳೋಕೆ ಹೆದರುತ್ತಾರೆ. ಕೇಳಿದರೆ ಅಪ್ಪಂದಿರಿಗೆ ಅದು ಅವಮಾನ. ಸೊಸೆ ಬಾಯಿಬಿಡೋ ಹಾಗಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ತಾನೇ ರಸ್ತೆ ನೋಡುತ್ತಾ ಕೂಗಿ ಹೇಳುತ್ತಿರುತ್ತಾಳೆ. ನಮ್ಮಮ್ಮ ಎಷ್ಟು ದಿನದಿಂದ ಹಾಗೆ ಮಾಡುತ್ತಿದ್ದರು ಅಂತ ಆಮೇಲೆ ಕೇಳಿದೆ. "ಒಂದು ವರ್ಷ ಆಗಿರ್ಬೋದು ಕಣೇ" ಅಂದರು. ಒಂದು ವರ್ಷ ಅಮ್ಮ ಆ ಕಾರಿಗೆ ಎರಡನೇ ಜೊತೆ ಕಣ್ಣಾಗಿದ್ದರು. ನಮಗ್ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆ ಬೇಕು ಅಂತ ನನಗೆ ಅನ್ನಿಸೋಕೆ ಶುರುವಾಗಿದ್ದು ಇಲ್ಲಿಂದ. ಕಣ್ಣು ಸರಿಯಿಲ್ಲ, ಕೈ ನಿಧಾನ ಆಗಿದೆ ಅಂತ ಒಬ್ಬ ಹೊರಗಿನವರು ಅಳೆದು ನೋಡಿ ಹೇಳಿದರೆ ಮನುಷ್ಯ ಅದನ್ನು ಒಪ್ಪಿಕೊಳ್ಳಬಲ್ಲ. ಮಗಳು ಹೇಳಿದರೆ ಅದು ಜಗಳ ಆಗುತ್ತದೆ. ಆ ಕೆಲಸ ಮಾಡೋಕೆ ಒಂದು ಕಚೇರಿ ಇದೆ. ಅದು ಮಾಡದೆ ಇರೋದರಿಂದ ಆ ಭಾರ ಮನೆಯೊಳಗೆ ಬಂದು ಬಿದ್ದಿದೆ.

ಕಾಗದದ ಮೇಲೆ ಎಲ್ಲ ಇದೆ

ನಮ್ಮ ಕಾನೂನಿನಲ್ಲಿ ಪರೀಕ್ಷೆಯೇ ಇಲ್ಲ ಅಂತಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ, ಅದರ ಪ್ರಕಾರ ಮೂವತ್ತರ ಒಳಗೆ ಡಿಎಲ್ ಮಾಡಿಸಿದರೆ ನಲವತ್ತರ ತನಕ ನಡೆಯುತ್ತದೆ. 55 ದಾಟಿದವರಿಗೆ ಐದೈದೇ ವರ್ಷ. ನಲವತ್ತು ದಾಟಿದವರು ಡಾಕ್ಟರ್ ಕೈಲಿ ಫಾರಂ 1ಎ ತುಂಬಿಸಿ ಕೊಡಬೇಕು. ನಾವೇ ಸಹಿ ಹಾಕಿ ಕೊಡೋ ಫಾರಂ 1ರಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ: ಹಗಲು ಬೆಳಕಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಕಾಣುತ್ತಾ? ಇರುಳುಗಣ್ಣು ಇದೆಯಾ, ಕೆಂಪು ಹಸಿರು ಗೊತ್ತಾಗುತ್ತಾ ಅಂತಲೂ ಕೇಳುತ್ತದೆ. ಡಿಎಲ್ ಇರುವವರ ಆರೋಗ್ಯದ ಬಗ್ಗೆ ಅನುಮಾನ ಬಂದರೆ ಯಾವಾಗ ಬೇಕಾದರೂ ಮೆಡಿಕಲ್ ಸರ್ಟಿಫಿಕೇಟ್ ಕೇಳೋ ಅಧಿಕಾರ ಕಾಯ್ದೆಯ 16ನೇ ಕಲಂನಲ್ಲಿದೆ. ಯಾವ ಮಗಳು ಹೋಗಿ ಅಪ್ಪನ ಮೇಲೆ ಹಾಗೆ ಬರೆದುಕೊಡುತ್ತಾಳೆ ಹೇಳಿ.

ಅಪ್ಪನ ಎಪ್ಪತ್ತನೇ ವರ್ಷದ ರಿನ್ಯೂವಲ್‌ಗೆ ನಾನೇ ಜೊತೆಗೆ ಹೋಗಿದ್ದೆ. ಮೊದಲು ಒಂದು ಕ್ಲಿನಿಕ್‌ಗೆ ಕಳಿಸಿದರು. ಡಾಕ್ಟರ್ ಟೇಬಲ್ ಮೇಲೆ ಅದೇ ಫಾರಂಗಳ ಒಂದು ಕಟ್ಟು ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಪರೀಕ್ಷೆಗೆ ತಯಾರಾಗಿ ನೆಟ್ಟಗೆ ಕೂತರು. ಡಾಕ್ಟರ್ ಫೋಟೋ ಮೇಲೆ ಸೀಲು ಒತ್ತಿ, ಸಹಿ ಹಾಕಿ, ಫಾರಂ ಈ ಕಡೆ ತಳ್ಳಿದರು. ಎರಡು ನಿಮಿಷವೂ ಆಗಲಿಲ್ಲ. ಅಪ್ಪ ಹೊರಗೆ ಬಂದು "ಏನೂ ಕೇಳ್ಲೇ ಇಲ್ವಲ್ಲ" ಅಂದರು. ಆಗ ನಾನು ಕೆಲಸ ಬೇಗ ಮುಗೀತು ಅಂತ ಖುಷಿಪಟ್ಟಿದ್ದೆ. ಆಗಲೇ ಕಣ್ಣಲ್ಲಿ ಪೊರೆ ಇತ್ತೋ ಇಲ್ವೋ ಹೇಗೆ ಹೇಳೋದು. ನೋಡಿದ್ದರೆ ತಾನೇ ಗೊತ್ತಾಗೋದು.

2021ರಿಂದ ಡಿಎಲ್ ರಿನ್ಯೂವಲ್ ಆನ್‌ಲೈನಿನಲ್ಲೇ ಆಗುತ್ತದೆ. ಆಧಾರ್ ಇದ್ದರೆ ಆರ್‌ಟಿಓ ಕಚೇರಿ ಮೆಟ್ಟಿಲು ಹತ್ತಬೇಕಿಲ್ಲ. ಆ ಕಚೇರಿಗಳ ಕ್ಯೂ ನೋಡಿದವರಿಗೆ ಇದು ದೊಡ್ಡ ಉಪಕಾರವೇ. ಆದರೆ ಕ್ಯೂ ತಪ್ಪಿದ ಹಾಗೇ, ಮನುಷ್ಯ ಮನುಷ್ಯನನ್ನು ನೋಡೋ ಒಂದೇ ಒಂದು ಅವಕಾಶವೂ ತಪ್ಪಿಹೋಯಿತು.

ಕಣ್ಣು

ಹದಿನೈದು ದಿನ ಆದ ಮೇಲೆ ಅಪ್ಪನೇ ಫೋನ್ ಮಾಡಿ, "ಕಣ್ಣು ತೋರಿಸ್ಕೊಂಡು ಬರೋಣ್ವೇನವ್ವ" ಅಂದರು. ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಬಲಗಣ್ಣಲ್ಲಿ ಜಾಸ್ತಿ. ಕಣ್ಣಿನ ಡಾಕ್ಟರು ಬಹಳ ಸಮಾಧಾನದ ಹೆಣ್ಣುಮಗಳು. ಅಪ್ಪನಿಗೆ ಒಂದೊಂದನ್ನೂ ಬಿಡಿಸಿ ಹೇಳಿದರು. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕಿರಿದಾಗುತ್ತದಂತೆ. ಒಳಗಿನ ಮಸೂರ ಹಳದಿಯಾಗುತ್ತದಂತೆ. ಇಪ್ಪತ್ತು ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟೋ ಬೆಳಕಿನಲ್ಲಿ ಮೂರನೇ ಒಂದು ಪಾಲು ಮಾತ್ರ ಅರವತ್ತರವರ ಕಣ್ಣಿಗೆ ಮುಟ್ಟುತ್ತದಂತೆ. ಅದರ ಮೇಲೆ ಪೊರೆ ಬಂದರೆ ಎದುರಿನ ಲೈಟು ಕಣ್ಣೊಳಗೆ ಚದುರಿ ಎಲ್ಲ ಬೆಳ್ಳಗಾಗಿಬಿಡುತ್ತದೆ. "ನೀವು ಹಗಲು ಹೊತ್ತು ಗೋಡೆ ಮೇಲಿನ ಅಕ್ಷರ ಓದ್ತೀರ ಸರ್. ಸಂಜೆ ರಸ್ತೆಲಿ ಕಾಣೋದು ಬೇರೆ ವಿಷಯ" ಅಂದರು. ಅಪ್ಪ ಒಂದು ಮಾತಾಡದೆ ಕೇಳಿಸಿಕೊಂಡರು. ನಾನು ಹೇಳಿದ್ದೂ ಇದನ್ನೇ, ಆದರೆ ಒರಟಾಗಿ. ಆಪರೇಷನ್ ಆಯಿತು, ಮೊದಲು ಬಲಗಣ್ಣು, ಒಂದು ತಿಂಗಳು ಬಿಟ್ಟು ಎಡಗಣ್ಣು. ಪಟ್ಟಿ ಬಿಚ್ಚಿದ ದಿನ ಅಪ್ಪ ಅಮ್ಮನ ಸೀರೆ ನೋಡಿ "ಇದು ನೀಲಿನಾ? ಇಷ್ಟು ದಿನ ಹಸಿರು ಅಂದ್ಕೊಂಡಿದ್ದೆ" ಅಂದರು.

ಬೇರೆ ಕಡೆ ಏನು ಮಾಡುತ್ತಾರೆ

ಆಮೇಲೆ ನಾನು ಬೇರೆ ದೇಶಗಳಲ್ಲಿ ಏನಿದೆ ಅಂತ ಓದೋಕೆ ಕೂತೆ. ಜಪಾನಿನಲ್ಲಿ 75 ದಾಟಿದವರಿಗೆ ಡಿಎಲ್ ರಿನ್ಯೂವಲ್ ಮಾಡೋ ಮುಂಚೆ ನೆನಪಿನ ಪರೀಕ್ಷೆ ಇದೆ. 16 ಚಿತ್ರ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಯಾವ್ಯಾವುದು ನೆನಪಿದೆ ಅಂತ ಬರೆಸುತ್ತಾರೆ. 2019ರ ಏಪ್ರಿಲ್‌ನಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ 87 ವರ್ಷದವರೊಬ್ಬರು ಓಡಿಸುತ್ತಿದ್ದ ಕಾರಿಗೆ ಸಿಕ್ಕಿ ಒಬ್ಬ ತಾಯಿ, ಅವಳ ಮೂರು ವರ್ಷದ ಮಗಳು ತೀರಿಹೋದರು. ಆ ದೇಶವೇ ಅಲುಗಾಡಿತು. 2022ರಿಂದ, ಕೆಲವು ಬಗೆಯ ತಪ್ಪು ಮಾಡಿದ 75 ದಾಟಿದವರಿಗೆ ಕಾರು ಓಡಿಸಿ ತೋರಿಸೋ ಪರೀಕ್ಷೆಯೂ ಬಂತು. ನನಗೆ ಜಾಸ್ತಿ ಇಷ್ಟ ಆಗಿದ್ದು ಇನ್ನೊಂದು. ಅಲ್ಲಿ ಡಿಎಲ್ ಅನ್ನು ತಾವಾಗಿಯೇ ವಾಪಸ್ ಕೊಟ್ಟವರಿಗೆ ಬದಲಿಗೆ ಒಂದು ಕಾರ್ಡ್ ಸಿಗುತ್ತದೆ. ಇಷ್ಟು ವರ್ಷ ಇವರು ಗಾಡಿ ಓಡಿಸಿದ್ದರು ಅನ್ನೋದಕ್ಕೆ ಅದು ದಾಖಲೆ. ಗುರುತಿನ ಚೀಟಿಯಾಗಿಯೂ ನಡೆಯುತ್ತದೆ, ಎಷ್ಟೋ ಕಡೆ ಬಸ್ಸು, ಟ್ಯಾಕ್ಸಿಗೆ ರಿಯಾಯಿತಿಯೂ ಇದೆ. ಕಿತ್ತುಕೊಂಡ ಹಾಗಲ್ಲ, ಬೀಳ್ಕೊಟ್ಟ ಹಾಗೆ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 75ರಿಂದ ಪ್ರತಿ ವರ್ಷ ಡಾಕ್ಟರ್ ಹತ್ತಿರ ಹೋಗಬೇಕು. 85ರಿಂದ ಎರಡು ವರ್ಷಕ್ಕೊಮ್ಮೆ ರಸ್ತೆಯಲ್ಲಿ ಓಡಿಸಿ ತೋರಿಸಬೇಕು. ಅದು ಬೇಡ ಅಂದವರಿಗೆ ಮನೆಯ ಸುತ್ತಮುತ್ತ ಇಷ್ಟು ದೂರ ಮಾತ್ರ ಅಂತ ಮಿತಿ ಇರೋ ಲೈಸೆನ್ಸ್ ಕೊಡುತ್ತಾರೆ. ನಮ್ಮಲ್ಲಿ ವಯಸ್ಸಾದವರಿಗೆ ಅಂಥದ್ದೊಂದು ನಡುದಾರಿ ಇದ್ದಿದ್ದರೆ ಆ ರಾತ್ರಿ ನಾನು "ಓಡಿಸಲೇ ಬೇಡ" ಅನ್ನುತ್ತಿರಲಿಲ್ಲ.

ಹಾಗಂತ ಪರೀಕ್ಷೆ ಇಟ್ಟ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಫಿನ್ಲೆಂಡಿನಲ್ಲಿ ಎಪ್ಪತ್ತರಿಂದ ಡಾಕ್ಟರ್ ತಪಾಸಣೆ ಕಡ್ಡಾಯ ಇದ್ದ ಕಾಲದಲ್ಲಿ ಪಕ್ಕದ ಸ್ವೀಡನ್ನಿನಲ್ಲಿ ಅಂಥದ್ದೇನೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಸಂಶೋಧಕರು ಎರಡನ್ನೂ ಹೋಲಿಸಿದರು. ವಯಸ್ಸಾದವರ ಕಾರು ಅಪಘಾತದಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಫಿನ್ಲೆಂಡಿನಲ್ಲಿ ರಸ್ತೆಯಲ್ಲಿ ನಡೆದು ಹೋಗುವಾಗ ಸತ್ತ ಮುದುಕರು ಜಾಸ್ತಿ ಇದ್ದರು. ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ಒಬ್ಬ ಹಿರಿಯರು ನೆನಪಾದರು. ಮಗ ಕಾರು ಮಾರಿದ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. ಹಳೇ ಟಿವಿಎಸ್ ಎಕ್ಸೆಲ್ ಆಚೆ ತೆಗೆದರು. ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಅದೇ ಕಣ್ಣಲ್ಲಿ, ಅದೇ ರಸ್ತೆಯಲ್ಲಿ ಓಡಾಡುತ್ತಿದ್ದಾರೆ, ತಲೆಗೆ ಒಂದು ಟವೆಲ್ ಸುತ್ತಿಕೊಂಡು.

ಇನ್ನೊಂದು ಮಾತೂ ಹೇಳಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವಯಸ್ಸಿನವರು. ಈ ಸಾವುಗಳ ಹೊಣೆಯನ್ನು ಎಪ್ಪತ್ತು ದಾಟಿದವರ ತಲೆಗೆ ಕಟ್ಟೋದು ಅನ್ಯಾಯ. ರಾತ್ರಿ ಕುಡಿದು ಓಡಿಸೋನು, ರಾಂಗ್ ಸೈಡಲ್ಲಿ ಬರೋನು, ಲೈಟಿಲ್ಲದ ಟ್ರೈಲರ್ ರಸ್ತೆಗೆ ಇಳಿಸೋನು ವಯಸ್ಸಾದವನೇ ಆಗಿರಬೇಕಿಲ್ಲ. ಅಪ್ಪನ ಕಣ್ಣು ನೋಡೋ ಹಾಗೇ ಆ ಟ್ರೈಲರ್ ಹಿಂಭಾಗವನ್ನೂ ಯಾರಾದರೂ ನೋಡಬೇಕು. ಮೈಸೂರು ಹೈವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್ ಬಿಡೋ ಹಾಗಿಲ್ಲ. ಅವೆಲ್ಲ ಸರ್ವೀಸ್ ರೋಡಿಗೆ ಬಂದಿವೆ. ಊರೊಳಗೆ ನಿಧಾನಕ್ಕೆ ಓಡಾಡೋ ಅಪ್ಪನಂಥವರು ಇರೋದೂ ಅಲ್ಲೇ.

ಆದರೂ ನಾನು ಪರೀಕ್ಷೆ ಬೇಕು ಅನ್ನುತ್ತೇನೆ. ಎಂಟು ಹಾಕಿಸೋದು, ಎಚ್ ಹಾಕಿಸೋದು ಬೇಡ. ನಲವತ್ತು ವರ್ಷ ಓಡಿಸಿದವರನ್ನು ಹದಿನೆಂಟರ ಹುಡುಗರ ಜೊತೆ ಬಿಸಿಲಲ್ಲಿ ನಿಲ್ಲಿಸಿದರೆ ಅದು ಅವಮಾನವೇ. ನಿಜವಾದ ಕಣ್ಣಿನ ಡಾಕ್ಟರ್ ಹತ್ತು ನಿಮಿಷ ಕಣ್ಣು ನೋಡಲಿ. ದೂರದ ಅಕ್ಷರ ಮಾತ್ರ ಅಲ್ಲ, ಮಬ್ಬಿನಲ್ಲಿ ಏನು ಕಾಣುತ್ತೆ, ಪಕ್ಕದಿಂದ ಬರೋದು ಕಾಣುತ್ತಾ ನೋಡಲಿ. ಅವರ ಊರಿನ ರಸ್ತೆಯಲ್ಲೇ, ಅವರ ಕಾರಿನಲ್ಲೇ ಒಬ್ಬರು ಪಕ್ಕ ಕೂತು ಇಪ್ಪತ್ತು ನಿಮಿಷ ಹೋಗಿಬರಲಿ. ಹಗಲು ಮಾತ್ರ ಅಂತ ಬರೆಯೋದಾದರೆ ಹಾಗೆ ಬರೆದುಕೊಡಲಿ. ಪೂರ್ತಿ ಬಿಡಿಸೋದಾದರೆ ಅವರು ಓಡಾಡೋ ದಾರಿ ಏನು ಅಂತಲೂ ಹೇಳಲಿ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಅಪ್ಪನಿಗೆ ಹಿರಿಯರ ರಿಯಾಯಿತಿ 25 ಪರ್ಸೆಂಟ್ ಇದೆ. ಇವೆರಡೂ ಒಳ್ಳೆಯದೇ. ಆದರೆ ಅತ್ತೆ ಊರಿಗೆ ಬಸ್ಸು ಇರೋದು ದಿನಕ್ಕೆ ಮೂರು. ಬಸ್ಸಿನ ಮೊದಲ ಮೆಟ್ಟಿಲು ಅಮ್ಮನ ಮಂಡಿಗಿಂತ ಸ್ವಲ್ಪವೇ ಕೆಳಗಿದೆ. ಒಂದು ಕೈಲಿ ಕಂಬಿ ಹಿಡಿದು, ಇನ್ನೊಂದು ಕೈ ಯಾರಾದರೂ ಹಿಡೀತಾರಾ ಅಂತ ಹಿಂದಕ್ಕೆ ಚಾಚುತ್ತಾರೆ.

ಟೇಪು ಹಿಡಿದ ಮೇಷ್ಟ್ರು

ಹೋದ ಶನಿವಾರ ಊರಿಗೆ ಹೋಗಿದ್ದೆ. ಏಜೆಂಟ್ ಫೋನ್ ಮಾಡಿದ ವಿಷಯ ಹೇಳಿದೆ. ಫಾರಂ 1 ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು, ಪ್ರಶ್ನೆಪತ್ರಿಕೆ ಓದೋ ಹಾಗೆ, ಒಂದೊಂದೇ ಸಾಲು ಓದಿದರು. 25 ಮೀಟರ್ ಅನ್ನೋ ಕಡೆ ಬೆರಳು ನಿಂತಿತು. "ಇದನ್ನ ಯಾರೂ ಅಳೆದೇ ಇಲ್ವಲ್ಲವ್ವ" ಅಂದರು. ಒಳಗೆ ಹೋಗಿ ಮನೆ ಕಟ್ಟಿಸುವಾಗ ತಂದಿದ್ದ ಟೇಪು ಹುಡುಕಿ ತಂದರು. ಅದರ ಉದ್ದ ಹದಿನೈದೇ ಮೀಟರ್. ಗೇಟಿನಿಂದ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮತ್ತೆ ಹತ್ತು ಮೀಟರ್ ಅಳೆದೆವು. ಸರಿಯಾಗಿ ಮೂರನೇ ಮನೆಯ ಮುಂದೆ ಒಂದು ಕಾರು ನಿಂತಿತ್ತು. ಮಧ್ಯಾಹ್ನ ನಾಲ್ಕು ಗಂಟೆ. ಅಪ್ಪ ಗೇಟಿಗೆ ಬೆನ್ನು ಕೊಟ್ಟು ನಿಂತು "ಕೆಎ 11" ಅಂತ ಶುರು ಮಾಡಿ ಕೊನೆಯ ಅಂಕಿ ತನಕ ಓದಿದರು. ಒಂದೂ ತಪ್ಪಲಿಲ್ಲ. ಎಡಗಣ್ಣು ಮುಚ್ಚಿ ಒಂದು ಸಲ, ಬಲಗಣ್ಣು ಮುಚ್ಚಿ ಒಂದು ಸಲ. ನನಗೆ ಅಲ್ಲೇ ಕುಣಿಯೋ ಹಾಗಾಯಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಫಾರಂ ಕೇಳೋದು ಅಷ್ಟೇ. ಅಪ್ಪ ಬಿಡಲಿಲ್ಲ. "ಸಂಜೆ ಇನ್ನೊಂದು ಸಲ ನೋಡಣ" ಅಂದರು. ಆರೂಕಾಲಕ್ಕೆ ಮತ್ತೆ ಹೊರಗೆ ಬಂದೆವು. ಆ ಕಾರು ಹೋಗಿತ್ತು. ನಮ್ಮ ಕಾರನ್ನೇ ಅಲ್ಲಿಗೆ ತಂದು, ಹೆಡ್‌ಲೈಟ್ ಹಾಕಿ, ಪಕ್ಕದಲ್ಲಿ ನಾನು ಕಪ್ಪು ಶಾಲು ಹೊದ್ದು ನಿಂತೆ. ಎಷ್ಟು ಹೆಜ್ಜೆ ಮುಂದೆ ಬಂದರೆ ಕಾಣುತ್ತೀನಿ ಅಂತ ನೋಡೋದು ಅಪ್ಪನ ಲೆಕ್ಕ. ಅಮ್ಮ ಗೇಟಿನ ಹತ್ತಿರ ಅಪ್ಪನ ಪಕ್ಕ ನಿಂತಿದ್ದರು. ಅಮ್ಮ ನನ್ನನ್ನು ಮೊದಲೇ ನೋಡಿ ಕೈ ಎತ್ತಿದರು. ಅಪ್ಪ ಕೈ ಎತ್ತೋ ಹೊತ್ತಿಗೆ ನಾನು ಇನ್ನೂ ಒಂಬತ್ತು ಹೆಜ್ಜೆ ನಡೆದಿದ್ದೆ. ಅಪ್ಪ ಬಂದು ಆ ಒಂಬತ್ತು ಹೆಜ್ಜೆಯನ್ನೂ ಟೇಪು ಹಿಡಿದು ಅಳೆದರು. ಐದೂವರೆ ಮೀಟರ್. ಸ್ವಲ್ಪ ಹೊತ್ತು ಆ ಗುರುತನ್ನೇ ನೋಡುತ್ತಾ ನಿಂತಿದ್ದು, "ಹಗಲು ಪಾಸು. ಸಂಜೆ ನಪಾಸು ಕಣವ್ವ" ಅಂದರು.

ನಾನು ಏನೂ ಹೇಳಲಿಲ್ಲ. ಹೇಳೋದು ಏನೂ ಉಳಿದಿರಲಿಲ್ಲ. ಏಜೆಂಟ್‌ಗೆ ಓಟಿಪಿ ಕೊಡೋದು ಬೇಡ, ಆ ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ ಫಾರಂ ಬರೆಸೋಣ ಅಂತ ಮಾತಾಯಿತು. ನಿನ್ನೆ ಸಂಜೆ ಅಮ್ಮ ಫೋನಿನಲ್ಲಿ ಹೇಳಿದರು: ಅಪ್ಪ ಕಾರು ತೆಗೆಯೋ ಮುಂಚೆ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಆವತ್ತಿನ ಸೂರ್ಯಾಸ್ತ ನೋಡುತ್ತಾರಂತೆ. ನಿನ್ನೆ 5.52 ಇತ್ತಂತೆ. ಐದೂಕಾಲಕ್ಕೆಲ್ಲ ಬಂದು ಕಾರು ಶೆಡ್ಡಿಗೆ ಹಾಕಿ, ಕೀಯನ್ನು ಮೊಳೆಗೆ ನೇತುಹಾಕಿದರಂತೆ.